ಸುಳ್ಳು ಹೇಳುವ ಭುಜ

ಮುಂಗಣ್ಣು ಬಂದ ಮೇಲೆ ಮೈಸೂರಿನಲ್ಲಿ ಯಾರೂ ಯಾರಿಗೂ ಡಿಕ್ಕಿ ಹೊಡೆಯುತ್ತಿರಲಿಲ್ಲ, ಸುಜಯನೊಬ್ಬನನ್ನು ಬಿಟ್ಟು.

ಮಾರುಕಟ್ಟೆಯ ಎಂಥ ಇಕ್ಕಟ್ಟಿನಲ್ಲೂ ಹೂವಿನ ಬುಟ್ಟಿ ಹೊತ್ತವರು, ಸ್ಕೂಟರಿನವರು, ಕೈಚೀಲ ಹಿಡಿದ ಹೆಂಗಸರು ಒಬ್ಬರಿಗೊಬ್ಬರು ತಾಗದೆ ನೀರಿನ ಹಾಗೆ ಹರಿದು ಹೋಗುತ್ತಿದ್ದರು. ಸುಜಯ ಎದುರಾದರೆ ಮಾತ್ರ ಆ ಹರಿವು ತಡೆಯುತ್ತಿತ್ತು. ಬಲಕ್ಕೆ ಹೋಗುತ್ತಾನೆ ಎಂದುಕೊಂಡು ಜನ ಎಡಕ್ಕೆ ಸರಿದರೆ ಅವನೂ ಅಲ್ಲಿಗೇ ಬಂದು ನಿಂತಿರುತ್ತಿದ್ದ. ಬುಟ್ಟಿ ಉರುಳುತ್ತಿತ್ತು, ಹೂವು ಚೆಲ್ಲುತ್ತಿತ್ತು. ಬೈಯಲು ಬಾಯಿ ತೆರೆದವರು ತಪ್ಪು ತಮ್ಮ ಕಣ್ಣಿನದೋ ಅವನ ಮೈಯದೋ ತಿಳಿಯದೆ ತಬ್ಬಿಬ್ಬಾಗಿ ದೂರ ಸರಿಯುತ್ತಿದ್ದರು. ಬರಬರುತ್ತಾ ಅವನ ಗುರುತು ಸಿಕ್ಕವರು ರಸ್ತೆಯ ಆಚೆ ಬದಿಗೇ ಹೋಗಿಬಿಡುವುದು ಅಭ್ಯಾಸವಾಯಿತು. ಬಸ್ಸಿನಲ್ಲಿ ಅವನ ಎದುರಿನ ಸೀಟು ಯಾವಾಗಲೂ ಖಾಲಿ.

ಮುಂಗಣ್ಣು ಎಂದರೆ ಹೆದರುವಂಥ ಯಂತ್ರವೇನಲ್ಲ. ಕಣ್ಣಿನ ಕಪ್ಪುಗುಡ್ಡೆಯ ಮೇಲೆ ಕೂರುವ ತೆಳ್ಳನೆಯ ಮಸೂರ, ಅಷ್ಟೆ. ಎದುರಿಗಿರುವ ಮನುಷ್ಯನ ಭುಜ, ಸೊಂಟ, ಮೊಣಕೈ, ಕುತ್ತಿಗೆ ಇವುಗಳ ಸಣ್ಣ ಅಲುಗಾಟವನ್ನು ಓದಿ, ಅವನು ಮುಂದೆ ಏನು ಮಾಡುತ್ತಾನೆ ಎಂಬುದನ್ನು ಅರೆಕ್ಷಣ ಮೊದಲೇ ಒಂದು ನಸುಹಳದಿ ಗೆರೆ ಎಳೆದು ತೋರಿಸುತ್ತಿತ್ತು. ಕೈ ಎತ್ತ ಹೋಗಲಿದೆ, ಕಾಲು ಎತ್ತ ತಿರುಗಲಿದೆ ಎಲ್ಲವೂ ಗೆರೆಯಲ್ಲಿ. ಪಕ್ಕದವರಿಗೆ ಸೀನು ಬರುವ ಮೊದಲೇ ಜನ ಕರ್ಚೀಫು ನೀಡುತ್ತಿದ್ದರು. ಅಳು ಬರುವವರ ಗಂಟಲು, ಗಲ್ಲ ಅವರಿಗೇ ಗೊತ್ತಾಗುವ ಮುಂಚೆ ಮಿಕ್ಕವರಿಗೆ ಸುದ್ದಿ ಕೊಡುತ್ತಿದ್ದವು. ಅಪಘಾತ ಕಡಿಮೆಯಾಗಿ ಚೌಕಗಳ ಸಿಗ್ನಲ್ ದೀಪಗಳನ್ನು ಕಿತ್ತುಹಾಕಿದರು. ಬಾಗಿಲ ಬಳಿ ನಿಂತು ನೀವು ಮೊದಲು, ಇಲ್ಲ ನೀವು ಮೊದಲು ಎನ್ನುವ ಹಳೆಯ ಸಂಕೋಚವೂ ಮಾಯವಾಯಿತು. ಜನ ಇದನ್ನು ಸುಖ ಎಂದೇ ಕರೆದರು. ಸುಖವೇ ಆಗಿತ್ತು ಕೂಡ.

ಇಷ್ಟಕ್ಕೆಲ್ಲ ಬುನಾದಿ ಹಾಕಿದ್ದು ಶಟಲ್ ಆಟಗಾರರ ಕಣ್ಣುಗಳು ಎಂಬುದು ಎಷ್ಟೋ ಜನಕ್ಕೆ ಮರೆತೇ ಹೋಗಿತ್ತು. ಸುಮಾರು ಇಪ್ಪತ್ತು ವರ್ಷದ ಹಿಂದೆ ಊರಿನ ಒಂದು ಸಂಶೋಧನಾ ಸಂಸ್ಥೆಯವರು ರ‍್ಯಾಕೆಟ್ ಹಿಡಿದು ಬೆಳೆದವರನ್ನೂ, ರ‍್ಯಾಕೆಟ್ ಮುಟ್ಟದವರನ್ನೂ ಕರೆಸಿ ಇಬ್ಬರ ನೋಟವನ್ನೂ ಅಳೆದು ನೋಡಿದರು. ಗೋಡೆಯ ಮೇಲಿನ ಸಣ್ಣ ಅಕ್ಷರ ಓದುವುದರಲ್ಲಿ ಎರಡು ಗುಂಪಿಗೂ ಅಂಥ ವ್ಯತ್ಯಾಸವಿರಲಿಲ್ಲ. ವ್ಯತ್ಯಾಸವಿದ್ದದ್ದು ಕಣ್ಣು ಎಲ್ಲಿ ಕೂರುತ್ತದೆ ಎಂಬುದರಲ್ಲಿ. ಆಡದವರ ಕಣ್ಣು ಶಟಲ್ಲಿನ ಹಿಂದೆ ಓಡುತ್ತಿತ್ತು. ಆಡುವವರ ಕಣ್ಣು ಶಟಲ್ಲನ್ನು ಕಾಯುತ್ತಲೇ ಇರಲಿಲ್ಲ. ಎದುರಾಳಿಯ ಭುಜದ ಮೇಲೆ, ಮೊಣಕೈ ಮೇಲೆ ಮೊದಲೇ ಹೋಗಿ ಕೂತು, ಹೊಡೆತ ಬೀಳುವ ಮುಂಚೆ ಉತ್ತರ ತಿಳಿದುಕೊಂಡಿರುತ್ತಿತ್ತು. ಆ ನೋಟವನ್ನೇ ಯಂತ್ರಕ್ಕೆ ಕಲಿಸಿ ಮಸೂರಕ್ಕೆ ಇಳಿಸಿದರು. ಹಾಗೆ ಕಣ್ಣು ಕೊಟ್ಟವರಲ್ಲಿ ಸುಜಯನೂ ಒಬ್ಬ. ಆಗ ಅವನು ರಾಜ್ಯ ತಂಡದ ಹುಡುಗ. ಅವನಿಗೆ ಸಿಕ್ಕಿದ್ದು ಒಂದು ಸರ್ಟಿಫಿಕೇಟು, ಒಂದು ಪೊಟ್ಟಣ ಉಪ್ಪಿಟ್ಟು.

ಇಂಚರ ಸಿಕ್ಕಿದ್ದೂ ಅಲ್ಲೇ. ಅವಳು ಆಡದವರ ಗುಂಪಿನಲ್ಲಿದ್ದಳು. ಬಿ.ಕಾಂ. ಓದುತ್ತಿದ್ದ ಹುಡುಗಿ, ಗೆಳತಿಯ ಜೊತೆ ಸುಮ್ಮನೆ ಬಂದವಳು, ಕಣ್ಣಿಗೆ ತಂತಿ ಸುತ್ತಿದ ಕನ್ನಡಕ ಹಾಕಿಸಿಕೊಂಡು ಬಲೆಯ ಆಚೆ ನಿಂತು, ಬಂದ ಶಟಲ್ಲನ್ನೆಲ್ಲ ಎರಡು ಕೈಯಲ್ಲಿ ಚಪ್ಪಾಳೆ ತಟ್ಟುವ ಹಾಗೆ ಹಿಡಿಯಲು ನೋಡುತ್ತಿದ್ದಳು. ಅದನ್ನು ಕಂಡು ನಕ್ಕ ಸುಜಯ ಆ ನಗುವಿನಲ್ಲೇ ಬಿದ್ದುಹೋದ.

ಎಲ್ಲರಿಗೂ ಕಣ್ಣು ಕೊಟ್ಟವನನ್ನು ಆ ಕಣ್ಣುಗಳೇ ಓದಲಾರದೆ ಹೋದದ್ದಕ್ಕೆ ಕಾರಣ ಅವನ ಕೋಚ್ ಬೆಳ್ಳಿಯಪ್ಪ. ಶಟಲ್ಲಿನಲ್ಲಿ ಗೆಲ್ಲಬೇಕಾದರೆ ಎದುರಿನವನನ್ನು ಓದಿದರೆ ಸಾಲದು, ಅವನಿಗೆ ತಪ್ಪು ಪಾಠ ಓದಿಸಬೇಕು ಎಂಬುದು ಆ ಮನುಷ್ಯನ ಹಟ. "ಭುಜ ಎಡಕ್ಕೆ ಅನ್ಬೇಕು, ಸೊಂಟ ಎಡಕ್ಕೆ ಅನ್ಬೇಕು, ಕಣ್ಣೂ ಎಡಕ್ಕೆ ಅನ್ಬೇಕು. ಮಣಿಕಟ್ಟು ಮಾತ್ರ ಕೊನೇಲಿ ನಿಜ ಹೇಳ್ಬೇಕು," ಎಂದು ಒಂಬತ್ತು ವರ್ಷದ ಸುಜಯನಿಗೆ ಹೇಳಿಕೊಟ್ಟ. ಅಂಕಣದಲ್ಲಷ್ಟೇ ಅಲ್ಲ, ಶಿಬಿರದ ಊಟದ ಮನೆಯಲ್ಲೂ ಅದೇ ಪಾಠ. ಚಪಾತಿಗೆ ಕೈ ಚಾಚಿ ಪಲ್ಯ ತೆಗೆದುಕೊಳ್ಳಬೇಕು, ಬಾಗಿಲ ಕಡೆ ತಿರುಗಿ ಕಿಟಕಿಯ ಚಿಲಕ ಹಾಕಬೇಕು. ತಪ್ಪಿದರೆ ಮೈದಾನ ಸುತ್ತಬೇಕು. ಹುಡುಗನಿಗೆ ಅದು ರಕ್ತಗತವಾಯಿತು. ಪಂದ್ಯಗಳಲ್ಲಿ ಎದುರಾಳಿಗಳು ಖಾಲಿ ಮೂಲೆಗೆ ಹಾರಿ ಬೀಳುತ್ತಿದ್ದರು, ಜನ ಹೋ ಎನ್ನುತ್ತಿದ್ದರು. ಆಮೇಲೆ ಮುಂಗಣ್ಣು ಬಂತು. ನೋಡುವವರಿಗೆಲ್ಲ ಮುಂದಿನ ಹೊಡೆತ ಗೊತ್ತಿರುವ ಆಟವನ್ನು ಯಾರು ದುಡ್ಡು ಕೊಟ್ಟು ನೋಡುತ್ತಾರೆ? ಶಟಲ್ ನಿಂತೇ ಹೋಯಿತು. ಸುಜಯನಿಗೆ ತೋಟಗಾರಿಕೆ ಇಲಾಖೆಯ ಸಸ್ಯಕ್ಷೇತ್ರದಲ್ಲಿ ಕೆಲಸ ಸಿಕ್ಕಿತು. ಗಿಡಗಳಿಗೆ ಮುಂಗಣ್ಣಿಲ್ಲ. ಅವನಿಗೆ ಅಲ್ಲಿ ಹಾಯೆನಿಸುತ್ತಿತ್ತು.

ಮದುವೆಯಾದ ಹೊಸದರಲ್ಲಿ ಅವರಿಬ್ಬರಿಗೂ ಒಂದು ಆಟವಿತ್ತು. ಇಂಚರ ಒಲೆಯ ಮುಂದೆ ನಿಂತು ನಿಂಬೆಹಣ್ಣು ಕೇಳಿದರೆ ಅವನು ಬುಟ್ಟಿಯಿಂದ ಒಂದನ್ನು ತೆಗೆದು, ಮೈಯೆಲ್ಲ ಎಡಕ್ಕೆ ತಿರುಗಿಸಿ, ಬಲಕ್ಕೆ ಎಸೆಯುತ್ತಿದ್ದ. ರಾಜ್ಯ ತಂಡದ ಅತಿರಥರೆಲ್ಲ ಮೋಸಹೋಗುತ್ತಿದ್ದ ಆ ಎಸೆತಕ್ಕೆ ಅವಳು ಮಾತ್ರ ಬೀಳುತ್ತಿರಲಿಲ್ಲ. ಎರಡೂ ಕೈ ಜೋಡಿಸಿ, ತಡವಾಗಿ, ಸ್ವಲ್ಪ ಮುಗ್ಗರಿಸಿ, ಆದರೂ ಹಿಡಿದುಬಿಡುತ್ತಿದ್ದಳು.

"ನೀನು ನನ್ನ ಭುಜ ನೋಡೋದೇ ಇಲ್ವಲ್ಲೇ," ಎಂದು ಅವನು ಹುಸಿಮುನಿಸು ತೋರಿದರೆ, "ನಿನ್ ಭುಜ ಯಾರಿಗ್ ಬೇಕೋ, ನಂಗೆ ನಿಂಬೆಹಣ್ಣು ಬೇಕು," ಎನ್ನುತ್ತಿದ್ದಳು. ದಿನಾ ಇದೇ ಮಾತು, ದಿನಾ ನಗು. ಅವಳು ಮುಂಗಣ್ಣು ಹಾಕಿಸಿಕೊಂಡು ಬಂದ ದಿನ ನಿಂಬೆಹಣ್ಣು ಅವಳ ಕಿವಿಯ ಪಕ್ಕ ಹಾದು ಗೋಡೆಗೆ ಬಡಿಯಿತು. ಅವಳು ಎಡಗಡೆಯ ಗಾಳಿಯನ್ನು ಹಿಡಿದು ನಿಂತಿದ್ದಳು. ಮತ್ತೊಮ್ಮೆ, ಮಗದೊಮ್ಮೆ ಹಾಗೇ ಆಯಿತು. "ಸಾಕು ಬಿಡು, ತಲೆ ತಿರುಗತ್ತೆ," ಎಂದಳು. ಆಟ ಅಲ್ಲಿಗೆ ನಿಂತಿತು.

ನಿಂಬೆಹಣ್ಣಿನ ಮಾತು ಬಿಡಿ. ಸಾರಿನ ಪಾತ್ರೆ ಹಾಗಲ್ಲ. ವರ್ಷಗಳು ಕಳೆದ ಮೇಲೆ ಒಂದು ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಇಂಚರ ಕುದಿಯುವ ಸಾರಿನ ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದು ಅವನತ್ತ ಚಾಚಿದಳು. ಮುಂಗಣ್ಣಿನ ಜನಕ್ಕೆಲ್ಲ ಒಂದು ಅಭ್ಯಾಸ ಬಂದಿತ್ತು: ಎದುರಿನವರ ಕೈ ಬರುತ್ತದೆಂದು ಗೆರೆ ಹೇಳಿದ ತಕ್ಷಣ, ಕೈ ತಾಗುವ ಮೊದಲೇ ವಸ್ತುವನ್ನು ಬಿಟ್ಟುಬಿಡುವುದು. ಅವಳಿಗೆ ಗೆರೆ ಕಂಡಿತು, ಬಿಟ್ಟಳು. ಸುಜಯನ ಕೈ ಹೋದದ್ದು ಉಪ್ಪಿನ ಬಟ್ಟಲಿಗೆ. ಸಾರು ಅವಳ ಪಾದದ ಮೇಲೆ ಸುರಿಯಿತು.

ಅವಳು ಕಿರುಚಲಿಲ್ಲ. ನೀರು ಸುರಿಯಲು ಅವನು ಬಗ್ಗಿದಾಗ ಕಾಲು ಹಿಂದಕ್ಕೆಳೆದುಕೊಂಡಳು. ಅವನು ನೀರನ್ನು ಎಲ್ಲಿಗೆ ಸುರಿಯುತ್ತಾನೋ ಎಂಬ ಭಯ ಅವಳ ಮುಖದಲ್ಲಿ ಎದ್ದು ಕಾಣುತ್ತಿತ್ತು. ಅವಳ ಕಾಲು ಸುಟ್ಟದ್ದಕ್ಕಿಂತ ಅದು ಅವನಿಗೆ ಹೆಚ್ಚು ಚುರುಕ್ಕೆಂದಿತು. ಕಾಲು ವಾಸಿಯಾಗುವ ತನಕ ಎಂದು ಮಂಡ್ಯದ ಅಕ್ಕನ ಮನೆಗೆ ಹೋದವಳು ವಾಸಿಯಾದ ಮೇಲೂ ಬರಲಿಲ್ಲ. ಫೋನಿನಲ್ಲಿ ಮಾತಾಡುತ್ತಿದ್ದಳು, ಚೆನ್ನಾಗಿಯೇ ಮಾತಾಡುತ್ತಿದ್ದಳು. ಯಾವಾಗ ಬರುತ್ತೀಯ ಎಂದರೆ ಮಾತು ಬೇರೆ ಕಡೆ ಹೊರಳುತ್ತಿತ್ತು. ಇಬ್ಬರ ಮನೆಯಲ್ಲಿ ಒಬ್ಬನೇ ಉಳಿದ ಸುಜಯ ಬೆಳಗ್ಗೆ ಮಾಡಿದ ಅನ್ನವನ್ನೇ ಸಂಜೆಗೂ ಉಣ್ಣುತ್ತಾ, ಟೀವಿ ಹಾಕಿ ನೋಡದೆ ಕೂತಿರುತ್ತಾ ದಿನ ನೂಕಿದ. ಕಡೆಗೆ ಸಂಸ್ಥೆಗೆ ಫೋನು ಮಾಡಿದ.

ಸಂಸ್ಥೆಯ ಮುಖ್ಯಸ್ಥೆ ಈಗ ಡಾ. ಸಬೀಹಾ. ಅಂದು ಸಂಶೋಧನಾ ವಿದ್ಯಾರ್ಥಿನಿಯಾಗಿ ಉಪ್ಪಿಟ್ಟಿನ ಪೊಟ್ಟಣ ಹಂಚಿದ್ದವರು. ಅವನನ್ನು ಎದುರಿಗೆ ಕೂರಿಸಿಕೊಳ್ಳುವ ಮೊದಲು ತಮ್ಮ ಮಸೂರಗಳನ್ನು ತೆಗೆದು ಡಬ್ಬಿಯಲ್ಲಿಟ್ಟರು. ಆ ಒಂದು ಸೌಜನ್ಯಕ್ಕೆ ಸುಜಯ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡ.

"ತಪ್ಪು ನಮ್ಮದೇ ಸುಜಯ್," ಎಂದರು. "ಅವತ್ತು ನೀವು ಆಟಗಾರರು ಹೊಡೆದ ಮೋಸದ ಹೊಡೆತಗಳು ನಮ್ಮ ಲೆಕ್ಕಕ್ಕೆ ಹೊಂದಲಿಲ್ಲ. ಗಲೀಜು ಅಂತ ಪಕ್ಕಕ್ಕಿಟ್ವಿ. ನೇರವಾದ ಹೊಡೆತಗಳನ್ನಷ್ಟೇ ಯಂತ್ರಕ್ಕೆ ಕಲಿಸಿದ್ವಿ. ಹಂಗಾಗಿ ಅದಕ್ಕೆ ಮೈ ಸುಳ್ಳು ಹೇಳತ್ತೆ ಅನ್ನೋದೇ ಗೊತ್ತಿಲ್ಲ."

"ಬೇರೆ ಆಟಗಾರರು?"

"ಒಬ್ಬೊಬ್ಬರಾಗಿ ಬಂದು ಕಲಿಸಿಕೊಟ್ಟು ಹೋದ್ರು. ಒಬ್ಬೊಬ್ಬರ ಸುಳ್ಳೂ ಬೇರೆ ಅಲ್ವಾ. ಉಳಿದಿರೋದು ನೀವೇ."

ಆಮೇಲೆ ಅವರು ಹಳೆಯದೊಂದು ಚಿತ್ರ ಹಾಕಿ ತೋರಿಸಿದರು. ಬಲೆಯ ಈಚೆ ಇಪ್ಪತ್ತರ ಸುಜಯ, ಆಚೆ ಒಬ್ಬ ಆಟಗಾರ. ಆಟಗಾರನ ಕಣ್ಣು ಎಲ್ಲಿದೆ ಎಂಬುದನ್ನು ಒಂದು ಹಸಿರು ಚುಕ್ಕೆ ತೋರಿಸುತ್ತಿತ್ತು. ಸುಜಯ ಎಡಕ್ಕೆ ಭುಜ ತಿರುಗಿಸಿದ. ಹಸಿರು ಚುಕ್ಕೆ ಭುಜದ ಮೇಲೆ ಕೂತಿತು, ಆಟಗಾರ ಎಡಕ್ಕೆ ಹಾರಿದ, ಶಟಲ್ ಬಲಕ್ಕೆ ಬಿತ್ತು. ಇನ್ನೊಂದು ಚಿತ್ರ. ಆಚೆ ಬದಿಯಲ್ಲಿ ಇಂಚರ. ಸುಜಯನ ಭುಜ ಎಷ್ಟು ತಿರುಗಿದರೂ ಅವಳ ಹಸಿರು ಚುಕ್ಕೆ ಅವನ ರ‍್ಯಾಕೆಟ್ಟಿನ ಮೇಲೆ ಸುಮ್ಮನೆ ಕಾದಿತ್ತು. ಶಟಲ್ ಹೊರಟಿತು. ಚುಕ್ಕೆ ಅದರ ಹಿಂದೆ ಹೊರಟಿತು. ತಡವಾಗಿ, ಆದರೆ ಸರಿಯಾದ ಕಡೆಗೆ.

"ನೋಡಿದ್ರಾ. ಓದೋಕೆ ಬರೋವ್ರಿಗೆ ಮಾತ್ರ ನೀವು ಮೋಸ ಮಾಡ್ಬಹುದು," ಎಂದರು ಸಬೀಹಾ. "ಓದೋಕೆ ಬರದೇ ಇರೋವ್ರು ಬಂದದ್ದನ್ನ ನೋಡ್ತಾರೆ, ಅಷ್ಟೆ. ಈಗ ಅಂಥವರ ಒಂದು ಗುಂಪು ಬೇಕು ಅಂದ್ರೂ ನಮಗೆ ಸಿಗಲ್ಲ. ಊರಿಗೆ ಊರೇ ಆಟಗಾರರ ಕಣ್ಣು ಹಾಕ್ಕೊಂಡು ಕೂತಿದೆ."

ಅಂದರೆ ಇಂಚರ ಮೋಸಹೋಗುತ್ತಿದ್ದದ್ದು ಅವನ ಮೈಯನ್ನು ಅವನದೇ ಕಣ್ಣಿಂದ ನೋಡಿ. ಸುಜಯನಿಗೆ ನಗು ಬಂತು. ಹಾಗಿದ್ದರೆ ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುವುದೇಕೆ? ಅವಳು ಆ ಮಸೂರ ತೆಗೆದರೆ ಮುಗಿಯಿತಲ್ಲ. ಅಂದೇ ಮಂಡ್ಯದ ಬಸ್ಸು ಹತ್ತಿದ.

ಅಕ್ಕನ ಮನೆಯಲ್ಲಿ ಭಾವನವರು ಚೆನ್ನಾಗಿಯೇ ಮಾತಾಡಿಸಿದರು, ಆದರೆ ನಡುವೆ ಟೀಪಾಯಿ ಇರುವಂತೆ ನೋಡಿಕೊಂಡು ಕೂತರು. ಅಕ್ಕ ಕಾಫಿಯನ್ನು ಅವನ ಕೈಗೆ ಕೊಡದೆ ಟೀಪಾಯಿಯ ಮೇಲಿಟ್ಟು ಒಳಗೆ ಹೋದಳು. ಭಾವನೂ ಏನೋ ನೆವ ಹೇಳಿ ಎದ್ದುಹೋದ ಮೇಲೆ ಇಂಚರ ಬಂದು ದಿವಾನದ ಆ ತುದಿಯಲ್ಲಿ ಕೂತಳು. ಪಾದದ ಮೇಲೆ ಹೊಸ ಚರ್ಮ ಕೆಂಪಗಿತ್ತು.

ಅವನು ಚಿತ್ರದ ಕಥೆಯನ್ನೆಲ್ಲ ಹೇಳಿದ. ಹೇಳುತ್ತಾ ಹೇಳುತ್ತಾ ಅವನಿಗೇ ಹುರುಪು ಬಂತು. "ಮನೇಲಿ ಇರೋವಾಗ ತೆಗೆದಿಟ್ಬಿಡು ಇಂಚೂ. ಅಷ್ಟೇ ಸಾಕು. ಮೊದಲಿನ ಥರಾನೇ ಇರತ್ತೆ."

ಅವಳು ಅಡ್ಡಡ್ಡ ತಲೆಯಾಡಿಸಿದಳು. "ಪ್ರಯತ್ನ ಮಾಡಿಲ್ಲ ಅನ್ಕೊಂಡ್ಯಾ? ಇಲ್ಲಿಗ್ ಬಂದ ಮೇಲೆ ಒಂದಿನ ತೆಗೆದೆ. ಅಕ್ಕ ಎದುರಿಗ್ ಬಂದ್ರೆ ಬೆಚ್ಚಿಬೀಳ್ತೀನಿ. ಎಲ್ಲಾರೂ ಇದ್ದಕ್ಕಿದ್ದಂಗೆ ಅಲ್ಲಾಡ್ತಾರೆ ಅನ್ಸತ್ತೆ. ಒಂದು ಲೋಟ ಇಸ್ಕೊಳೋಕೆ ಬರ್ಲಿಲ್ಲ ಕಣೋ ನಂಗೆ. ಹದಿನೈದು ವರ್ಷ ಆಯ್ತು. ಕಾಯೋದು ನನ್ ಕಣ್ಣಿಗೆ ಮರ್ತೋಗಿದೆ."

"ನಿಧಾನಕ್ಕೆ ಅಭ್ಯಾಸ..."

"ಮನೇಲಿ ಒಂಥರ, ರಸ್ತೇಲಿ ಒಂಥರ ಆಗಲ್ಲ ಸುಜಯ್. ಸಿಗ್ನಲ್ ಇಲ್ದಿರೋ ಊರಲ್ಲಿ ಸ್ಕೂಟರ್ ಓಡಿಸ್ಬೇಕು ನಾನು." ಅವಳು ತನ್ನ ಪಾದ ನೋಡಿಕೊಂಡಳು. "ಕಾಲು ಸುಟ್ಟಿದ್ದಕ್ಕಲ್ಲ ನಾನು ವಾಪಸ್ ಬರದೇ ಇರೋದು. ನಿನ್ ಮುಂದೆ ಕೂತ್ರೆ ಗೆರೆ ಒಂದ್ಕಡೆ ಹೋಗತ್ತೆ, ನೀನ್ ಒಂದ್ಕಡೆ ಹೋಗ್ತೀಯ. ಗಂಡನ ಪಕ್ಕ ಮಲಗಿ ದಿನಾ ಬೆಚ್ಚಿಬೀಳೋದಂದ್ರೆ ಹೆಂಗೆ ಹೇಳು. ಭಯ ಆಗತ್ತೆ. ನಿನ್ ಮೇಲೆ ಪ್ರೀತಿ ಇಲ್ಲ ಅಂತಲ್ಲ. ಪ್ರೀತಿ ಇದೆ, ಭಯಾನೂ ಆಗತ್ತೆ."

ಅವನಿಗೆ ಅವಳ ಕೈ ಹಿಡಿಯಬೇಕೆನಿಸಿತು. ಕೈ ಚಾಚಿದ. ಅವಳು ತಪ್ಪು ದಿಕ್ಕಿಗೆ ಸರಿದಳು, ಅವನ ಮೊಣಕೈ ಅವಳ ದವಡೆಗೆ ತಾಗಿತು. ಇಬ್ಬರೂ ನೋವಾಗಿಲ್ಲ ನೋವಾಗಿಲ್ಲ ಎನ್ನುತ್ತಾ ಕೂತರು. ವಾಪಸು ಬಸ್ಸಿನಲ್ಲಿ ಅವನ ಎದುರಿನ ಸೀಟು ಎಂದಿನಂತೆ ಖಾಲಿಯಿತ್ತು. ಶ್ರೀರಂಗಪಟ್ಟಣದ ಸೇತುವೆ ದಾಟುವಾಗ ಅವನು ಮನಸ್ಸು ಗಟ್ಟಿ ಮಾಡಿಕೊಂಡ.

ಮೈಯನ್ನು ಯಂತ್ರಕ್ಕೆ ಕಲಿಸುವ ಕೆಲಸ ವಾರಗಟ್ಟಲೆ ನಡೆಯಿತು. ಬಿಳಿ ಕೋಣೆಯಲ್ಲಿ ಅವನು ಶಟಲ್ ಹೊಡೆಯಬೇಕಿತ್ತು. ಅಷ್ಟೇ ಅಲ್ಲ, ಚಿಲಕ ತೆಗೆಯಬೇಕು, ತಲೆ ಬಾಚಬೇಕು, ಊಟ ಮಾಡಬೇಕು, ಕೂಗಿದರೆ ತಿರುಗಬೇಕು. ಮೊದಮೊದಲು ಯಂತ್ರ ಎಳೆದ ಗೆರೆಗಳೆಲ್ಲ ತಪ್ಪಾಗುತ್ತಿದ್ದವು. ಅದನ್ನು ಕಂಡಾಗ ಸುಜಯನಿಗೆ ಒಳಗೊಳಗೇ ಹೆಮ್ಮೆಯಾಗುತ್ತಿತ್ತು, ಹಳೆಯ ಪಂದ್ಯವೊಂದನ್ನು ಇನ್ನೂ ಗೆಲ್ಲುತ್ತಿರುವಂತೆ. ಬರಬರುತ್ತಾ ಗೆರೆ ಅವನ ಹತ್ತಿರ ಬಂತು. ಮಣಿಕಟ್ಟು ನಿಜ ಹೇಳುವ ಮೊದಲು ಅವನ ಎಡಗಾಲಿನ ಹೆಬ್ಬೆರಳು ನೆಲವನ್ನು ಸಣ್ಣದಾಗಿ ಒತ್ತುತ್ತದೆ ಎಂದು ಯಂತ್ರ ಪತ್ತೆ ಹಚ್ಚಿತು. ಅದು ಬೆಳ್ಳಿಯಪ್ಪನಿಗೂ ಗೊತ್ತಿರಲಿಲ್ಲ. ಸುಜಯನಿಗಂತೂ ಗೊತ್ತೇ ಇರಲಿಲ್ಲ.

ಕೊನೆಯ ದಿನ ಸಬೀಹಾ ಕೈ ಕಟ್ಟಿ ನಿಂತರು. "ಇನ್ನು ಒಂದೇ ಒಂದು ಗುಂಡಿ ಒತ್ತೋದು ಬಾಕಿ. ಎಲ್ಲರ ಮುಂಗಣ್ಣಿಗೂ ಹೋಗತ್ತೆ. ಆಮೇಲೆ ವಾಪಸ್ ತಗೊಳ್ಳೋಕಾಗಲ್ಲ. ಇನ್ನೊಂದ್ಸಲ ಯೋಚನೆ ಮಾಡಿ ಅಂತ ನಾನು ಹೇಳ್ಬಾರ್ದು, ಆದ್ರೂ ಹೇಳ್ತಿದೀನಿ."

"ಯಾಕೆ ಮೇಡಂ?"

"ನಂಗೆ ಓದೋಕಾಗದೇ ಇರೋ ಒಬ್ಬ ಮನುಷ್ಯ ಊರಲ್ಲಿದಾನೆ ಅಂದ್ರೆ ಯಾಕೋ ಸಮಾಧಾನ ಇರ್ತಿತ್ತು."

ಸಮಾಧಾನ ನಿಮಗೆ, ಖಾಲಿ ಮನೆ ನನಗೆ ಎಂದು ಸುಜಯ ಹೇಳಲಿಲ್ಲ. "ಕಳಿಸಿ ಮೇಡಂ," ಎಂದಷ್ಟೇ ಹೇಳಿದ.

ಮಾರನೆಯ ದಿನ ಮಾರುಕಟ್ಟೆಗೆ ಹೋದಾಗ ಅವನಿಗೆ ನಂಬಲಾಗಲಿಲ್ಲ. ಹೂವಿನ ಬುಟ್ಟಿಯವಳು ಅವನ ಪಕ್ಕದಲ್ಲೇ ನುಸುಳಿ ಹೋದಳು. ಸ್ಕೂಟರಿನವನು ಅವನತ್ತ ನೋಡಲೂ ಇಲ್ಲ. ಬಸ್ಸಿನಲ್ಲಿ ಒಬ್ಬ ಯಜಮಾನರು ಎದುರಿಗೆ ಕೂತು ಪೇಪರು ಬಿಡಿಸಿದರು. ಮಾರುಕಟ್ಟೆಯ ಉದ್ದನೆಯ ಬೀದಿಯ ಈ ತುದಿಯಿಂದ ಆ ತುದಿಗೆ ಅವನು ನಡೆದ, ವಾಪಸು ನಡೆದ. ಒಬ್ಬರ ಬಟ್ಟೆಯ ಅಂಚೂ ಅವನಿಗೆ ತಾಗಲಿಲ್ಲ. ಮನೆಯ ಬೀಗ ತೆಗೆಯುವಾಗ ಹೊಳೆಯಿತು: ಇಷ್ಟು ದಿನ ಅವನನ್ನು ಯಾರಾದರೂ ಮುಟ್ಟುತ್ತಿದ್ದದ್ದು ಡಿಕ್ಕಿ ಹೊಡೆದಾಗ ಮಾತ್ರ. ಇನ್ನು ಅದೂ ಇಲ್ಲ. ಹೋಗಲಿ, ಇಂಚರ ಬರುತ್ತಾಳಲ್ಲ ಎಂದು ತನಗೆ ತಾನೇ ಹೇಳಿಕೊಂಡ.

ಇಂಚರ ಬಂದಳು. ಬಾಗಿಲಲ್ಲಿ ನಿಂತು ಅವನನ್ನು ಮೇಲಿಂದ ಕೆಳಗೆ ನೋಡಿದಳು. ಅವನು ಒಂದು ಹೆಜ್ಜೆ ಮುಂದಿಟ್ಟ. ಅವಳು ಬೆಚ್ಚಲಿಲ್ಲ. ಮುಖ ಅರಳಿತು. "ಅಬ್ಬಾ, ಈಗ ಕಾಣಿಸ್ತಿದೀಯ," ಎಂದು ತಾನೇ ಬಂದು ಅವನ ಎದೆಗೆ ಒರಗಿದಳು. ಅವನ ತೋಳುಗಳು ಎಲ್ಲಿಗೆ ಬರುತ್ತವೋ ಅಲ್ಲಿಗೆ ಸರಿಯಾಗಿ. ಸುಜಯನಿಗೆ ಜೀವ ಬಂದಂತಾಯಿತು. ಅದು ಸುಳ್ಳಲ್ಲ.

ಆಮೇಲಿನ ದಿನಗಳು ಸಲೀಸಾಗಿ ಸಾಗಿದವು. ನೀರು ಬೇಕೆನಿಸುವಷ್ಟರಲ್ಲಿ ಲೋಟ ಮುಂದಿರುತ್ತಿತ್ತು. ಏನಾದರೂ ಹೇಳಬೇಕೆಂದು ಅವನು ಬಾಯಿ ತೆರೆದರೆ ಅವಳು "ಹೂಂ ಗೊತ್ತಾಯ್ತು," ಎನ್ನುತ್ತಿದ್ದಳು. ಗೊತ್ತಾಗಿರುತ್ತಿತ್ತು ಕೂಡ. ಹಾಗಾಗಿ ಮಾತು ಮುಗಿಸುವ ಅಗತ್ಯ ಬೀಳುತ್ತಿರಲಿಲ್ಲ. ಅವಳು ರಾತ್ರಿ ನಿಶ್ಚಿಂತೆಯಿಂದ ನಿದ್ದೆ ಮಾಡುತ್ತಿದ್ದಳು. ಅವನು ಪಕ್ಕದಲ್ಲಿ ಮಲಗಿ, ತಾನು ಮಗ್ಗುಲು ಬದಲಿಸುವ ಮೊದಲು ಎಡಗಾಲಿನ ಹೆಬ್ಬೆರಳು ನಿಜವಾಗಿಯೂ ಒತ್ತುತ್ತದೆಯೇ ಎಂದು ಗಮನಿಸುತ್ತಿದ್ದ. ಒತ್ತುತ್ತಿತ್ತು.

ಒಂದು ಸಂಜೆ ಅವಳು ಒಲೆಯ ಮುಂದೆ ಒಗ್ಗರಣೆ ಹಾಕುತ್ತಾ, "ಒಂದು ನಿಂಬೆಹಣ್ಣು ಕೊಡೋ," ಎಂದಳು. ಎಷ್ಟು ವರ್ಷವಾಗಿತ್ತೋ ಆ ಮಾತು ಕೇಳಿ. ಸುಜಯ ಬುಟ್ಟಿಯಿಂದ ಚೆನ್ನಾಗಿ ಹಣ್ಣಾದದ್ದನ್ನು ಆರಿಸಿದ. ಫೈನಲ್ಲಿನಲ್ಲಿ ಕೊನೆಯ ಅಂಕಕ್ಕೆ ನಿಂತವನಂತೆ ಕಾಲು ಅಗಲಿಸಿ ನಿಂತ. ಭುಜ ಎಡಕ್ಕೆ. ಸೊಂಟ ಎಡಕ್ಕೆ. ಕಣ್ಣೂ ಎಡಕ್ಕೆ. ಬೆಳ್ಳಿಯಪ್ಪ ಕಲಿಸಿದ್ದನ್ನೆಲ್ಲ ಒಟ್ಟುಗೂಡಿಸಿ ಮಣಿಕಟ್ಟು ತಿರುಗಿಸಿದ.

ಅವಳ ಬಲಗೈ ಅಲ್ಲಿ ಮೊದಲೇ ಚಾಚಿಕೊಂಡಿತ್ತು. ಒಂದೇ ಕೈ. ಒಂದು ಓರೆನೋಟದಲ್ಲೇ ಅವಳಿಗೆ ಎಲ್ಲ ತಿಳಿದು, ಕಣ್ಣು ಆಗಲೇ ಬಾಣಲೆಗೆ ಮರಳಿತ್ತು. ನಿಂಬೆಹಣ್ಣು ಅಂಗೈಗೆ ಬಂದು ಕೂತಿತು. ಅವಳು ಅದನ್ನು ಮಣೆಯ ಮೇಲಿಟ್ಟು ಹೆಚ್ಚಿದಳು. ಬಾಣಲೆಯಲ್ಲಿ ಸಾಸಿವೆ ಸಿಡಿಯುತ್ತಿತ್ತು.

"ಭುಜ ನೋಡಿದ್ಯಾ?" ಎಂದು ಕೇಳಬೇಕೆಂದು ಅವನು ಬಾಯಿ ತೆರೆದ.

"ಹೂಂ, ನೋಡ್ದೆ. ಚೆನ್ನಾಗಿತ್ತು," ಎಂದಳು ಅವಳು, ಅವನು ಕೇಳುವ ಮೊದಲೇ.

ಸುಜಯ ಬುಟ್ಟಿಯ ಪಕ್ಕ ಹಾಗೇ ನಿಂತ. ಸೊಪ್ಪಿಗೆ ನಿಂಬೆರಸ ಹಿಂಡುತ್ತಿದ್ದ ಇಂಚರ ಒಮ್ಮೆ ತಿರುಗಿ ಅವನ ಮುಖ ನೋಡಿದಳು. ಒಲೆ ಆರಿಸಿ, ಕೈ ತೊಳೆದು, ಬಾಗಿಲ ಮೊಳೆಯಲ್ಲಿದ್ದ ಟವೆಲ್ಲು ತೆಗೆದು ತಂದು ಅವನ ಕೈಯಲ್ಲಿಟ್ಟಳು.

"ಇದ್ಯಾಕೆ?" ಎಂದ.

"ಇಟ್ಕೊಂಡಿರು," ಎಂದಳು ಮೆಲ್ಲಗೆ, ಅವನ ತೋಳು ಸವರಿ.

ಅವನು ಕೈಯಲ್ಲಿದ್ದ ಟವೆಲ್ಲನ್ನು ನೋಡಿದ. ಮುಖ ಮುಟ್ಟಿ ನೋಡಿಕೊಂಡ, ಒಣಗಿತ್ತು. ಅಳು ಬಂದದ್ದು ಆಮೇಲೆ.